ಕಂಪನಿ ಬದಲಾಯಿತು, ಕಂಬ ಅದೇ

ಮನೆಗೆ ಬ್ರಾಡ್‌ಬ್ಯಾಂಡ್ ಹಾಕಿಸುವಾಗ ನಾವು ನೋಡುವುದು ಎರಡು ಅಂಕಿ: ಎಷ್ಟು ಎಂಬಿಪಿಎಸ್, ತಿಂಗಳಿಗೆ ಎಷ್ಟು ರೂಪಾಯಿ. ಕಂಪನಿಗಳು ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಹಾಕುವುದೂ ಇವೆರಡನ್ನೇ. ಆದರೆ ಈ ಎರಡರಲ್ಲಿ ಒಂದು ಕಂಪನಿಗೂ ಇನ್ನೊಂದಕ್ಕೂ ಈಗ ಹೇಳಿಕೊಳ್ಳುವಂಥ ಅಂತರ ಉಳಿದಿಲ್ಲ. 2020ರ ಸೆಪ್ಟೆಂಬರಿನಲ್ಲಿ ಜಿಯೋ 399 ರೂಪಾಯಿಗೆ 30 ಎಂಬಿಪಿಎಸ್ ಎಂದಿತು, ಅದೇ ತಿಂಗಳಲ್ಲಿ ಏರ್‌ಟೆಲ್ 499ಕ್ಕೆ 40 ಎಂದಿತು. ಅಲ್ಲಿಗೆ ದರದ ಜಗಳ ಹೆಚ್ಚುಕಡಿಮೆ ತಣ್ಣಗಾಯಿತು. ‘ಅನ್‌ಲಿಮಿಟೆಡ್’ ಎನ್ನುವ ಪ್ಲಾನಿಗೂ ಅಡಿಯಲ್ಲಿ ಸಣ್ಣಕ್ಷರದಲ್ಲಿ 3,300 ಜಿಬಿಯ ಮಿತಿ ಇರುವುದು, 499 ಎಂದು ಕಂಡದ್ದು ಶೇ 18ರ ಜಿಎಸ್‌ಟಿ ಸೇರಿ 588 ರೂಪಾಯಿ 82 ಪೈಸೆಯಾಗಿ ಬಂದು ನಿಲ್ಲುವುದು, ಇಂಥ ಸಣ್ಣಪುಟ್ಟ ಚಾಲಾಕಿಗಳಲ್ಲೂ ದೊಡ್ಡ ಕಂಪನಿಗಳದ್ದು ಒಂದೇ ಜಾಡು.

ಯಾವ ಕಂಪನಿ ಒಳ್ಳೆಯದು ಎಂದು ಕೇಳುವವರಿಗೆ ನಾನು ಹೇಳುವುದಿಷ್ಟು. ಮೋಡೆಮ್‌ನಲ್ಲಿ ಕೆಂಪು ದೀಪ ಹೊತ್ತಿದ ದಿನ ಅವರು ಏನು ಮಾಡುತ್ತಾರೆ ನೋಡಿ. ‘ನಿಮ್ಮ ಸಹವಾಸ ಸಾಕು’ ಎಂದ ದಿನ ಏನು ಮಾಡುತ್ತಾರೆ ನೋಡಿ. ಮೊದಲನೆಯದರಲ್ಲಿ ಕೆಲವರಾದರೂ ಪಾಸಾಗುತ್ತಾರೆ. ಎರಡನೆಯದರಲ್ಲಿ ಪಾಸಾದವರನ್ನು ನಾನಿನ್ನೂ ಕಂಡಿಲ್ಲ.

ಹಾಗಂತ ಹಳೆಯ ಕಾಲವೇ ಚೆನ್ನಾಗಿತ್ತು ಎನ್ನುವ ಹಾಗಿಲ್ಲ. 2004ರ ಬ್ರಾಡ್‌ಬ್ಯಾಂಡ್ ನೀತಿಯ ಲೆಕ್ಕದಲ್ಲಿ 256 ಕೆಬಿಪಿಎಸ್ ಬಂದರೆ ಅದೇ ಬ್ರಾಡ್‌ಬ್ಯಾಂಡ್. 2005ರಲ್ಲಿ ಬಿಎಸ್‌ಎನ್‌ಎಲ್ ಡೇಟಾವನ್ ಶುರುಮಾಡಿದಾಗ ಅದೇ ದೊಡ್ಡ ಸಂಭ್ರಮ. ಬೇಡವೆಂದರೆ ಬಹಳಷ್ಟು ಬಡಾವಣೆಗಳಲ್ಲಿ ಬೇರೆ ಗತಿಯೇ ಇರಲಿಲ್ಲ. ಆ ಕನಿಷ್ಠ ಅಳತೆ ಮುಂದೆ 512 ಕೆಬಿಪಿಎಸ್ ಆಗಿ, 2023ರಲ್ಲಿ 2 ಎಂಬಿಪಿಎಸ್ ಆಯಿತು. ಈ ನಡುವೆ ಬೆಂಗಳೂರಿನದೇ ಆದ ಆ್ಯಕ್ಟ್ ಬೆಳೆಯಿತು. 2019ರ ಸೆಪ್ಟೆಂಬರಿನಲ್ಲಿ ಮಾರುಕಟ್ಟೆಗೆ ಇಳಿದ ಜಿಯೋಫೈಬರ್ 2021ರ ನವೆಂಬರಿನ ಹೊತ್ತಿಗೆ, ದೇಶದ ತುಂಬ ತಂತಿ ಹರಡಿಕೊಂಡಿದ್ದ ಬಿಎಸ್‌ಎನ್‌ಎಲ್ ಅನ್ನೇ ಗ್ರಾಹಕರ ಸಂಖ್ಯೆಯಲ್ಲಿ ಹಿಂದೆ ಹಾಕಿತು. ಪೈಪೋಟಿ ಇದೆ, ಅದರಿಂದ ಲಾಭವೂ ಆಗಿದೆ. ಆದರೆ ಈ ಪೈಪೋಟಿಯೆಲ್ಲ ಗ್ರಾಹಕ ಸಹಿ ಹಾಕುವವರೆಗೆ ಮಾತ್ರ. ಆಮೇಲೆ ಅವನು ಹಳೇ ಗ್ರಾಹಕ.

ಕೆಂಪು ದೀಪದ ವಿಷಯಕ್ಕೆ ಬರೋಣ. ಬೆಂಗಳೂರಿನ ಯಾವುದೇ ಅಡ್ಡರಸ್ತೆಯಲ್ಲಿ ನಿಂತು ತಲೆಯೆತ್ತಿದರೆ ಕಾಣುವುದು ಕರೆಂಟ್ ಕಂಬದಿಂದ ಹೊಂಗೆ ಮರಕ್ಕೆ, ಹೊಂಗೆ ಮರದಿಂದ ಎದುರುಮನೆ ಟೆರೇಸಿನ ಕಂಬಿಗೆ ಜೋತುಬಿದ್ದ ಕಪ್ಪು ಕೇಬಲ್ಲುಗಳ ಗೊಂಚಲು. ನೆಲದಡಿ ಹೋಗಬೇಕಾದದ್ದು ಮರ ಹತ್ತಿದೆ. ಪಾಲಿಕೆಯವರು ಕೊಂಬೆ ಕಡಿದರೆ, ಬೆಸ್ಕಾಂನವರು ಕಂಬದ ಮೇಲಿನ ಅನಧಿಕೃತ ಕೇಬಲ್ ಕಿತ್ತರೆ, ಜಲಮಂಡಳಿಯ ಪೈಪಿಗಾಗಿ ಜೆಸಿಬಿ ನೆಲ ಅಗೆದರೆ, ಏನೂ ಇಲ್ಲದಿದ್ದರೆ ಅಳಿಲು ಕಡಿದರೆ, ನೆಟ್ ಹೋಗುತ್ತದೆ. ಇದರಲ್ಲಿ ಕಂಪನಿಯ ತಪ್ಪೆಷ್ಟು, ಊರಿನ ತಪ್ಪೆಷ್ಟು ಎಂದು ಬಿಡಿಸುವುದು ಕಷ್ಟ. ಗ್ರಾಹಕ ಸಿಟ್ಟಿನಲ್ಲಿ ಕಂಪನಿ ಬದಲಾಯಿಸುತ್ತಾನೆ. ಹೊಸ ಕಂಪನಿಯ ಕೇಬಲ್ಲೂ ಅದೇ ಕಂಬದಿಂದ ಅದೇ ಮರಕ್ಕೆ ಬಂದು, ಹಳೆಯದರ ಪಕ್ಕದಲ್ಲೇ ಕಿಟಕಿಯ ಮೂಲೆಯಿಂದ ಒಳಗೆ ನುಗ್ಗುತ್ತದೆ. ಮನೆಯಿಂದ ಕೆಲಸ ಮಾಡುವ ಜಾಣರು ಕೆಲವರು ಬ್ಯಾಕಪ್ ಎಂದು ಎರಡು ಕಂಪನಿಯ ಕನೆಕ್ಷನ್ ಇಟ್ಟುಕೊಳ್ಳುತ್ತಾರೆ. ಒಂದು ಮಳೆಗೆ ಒಂದು ಕೊಂಬೆ ಮುರಿದು ಎರಡೂ ಒಟ್ಟಿಗೆ ಹೋದಾಗ ಅವರ ಮುಖ ನೋಡಬೇಕು.

ಹೀಗಿರುವಾಗ ಒಂದು ಕಂಪನಿಯನ್ನು ಇನ್ನೊಂದರಿಂದ ಬೇರೆ ಮಾಡುವುದು ತಂತಿಯಲ್ಲ, ತಂತಿ ತುಂಡಾದ ಮೇಲೆ ಬರುವ ಹುಡುಗ. ಏಣಿ ಹೊತ್ತುಕೊಂಡು, ಫೈಬರ್ ಬೆಸೆಯುವ ಸ್ಪ್ಲೈಸಿಂಗ್ ಮೆಷಿನ್ನನ್ನು ಸ್ಕೂಟರಿನ ಮುಂದೆ ಇಟ್ಟುಕೊಂಡು ಬರುವ ಈತ ಬಹುತೇಕ ಕಡೆ ಗುತ್ತಿಗೆಯವನು. ಕಾಲ್ ಸೆಂಟರಿನವರು ‘ನಿಮ್ಮ ಏರಿಯಾದಲ್ಲಿ ಔಟೇಜ್ ಇದೆ ಸರ್, 24 ಗಂಟೆಯೊಳಗೆ ಸರಿಹೋಗುತ್ತದೆ’ ಎಂಬ ಒಂದೇ ವಾಕ್ಯವನ್ನು ಪ್ರತಿ ಸಲ ಹೊಸದಾಗಿ ಹೇಳುತ್ತಿರುವಾಗ, ‘ಅಣ್ಣಾ, ಮೇನ್ ರೋಡಲ್ಲಿ ಫೈಬರ್ ಕಟ್ ಆಗಿದೆ, ಸಾಯಂಕಾಲ ಆಗುತ್ತೆ’ ಎಂದು ನಿಜ ಹೇಳುವವನು ಇವನೊಬ್ಬನೇ. ಒಂದೇ ಕಂಪನಿ ಜಯನಗರದಲ್ಲಿ ದೇವರಂತೆ, ಯಲಹಂಕದಲ್ಲಿ ದೆವ್ವದಂತೆ ಏಕೆ ಕಾಣುತ್ತದೆ ಎಂಬುದಕ್ಕೆ ಉತ್ತರ ಇಲ್ಲಿದೆ. ಪಕ್ಕದ ಬೀದಿಯವರನ್ನು ಕೇಳಿ ಕಂಪನಿ ಆರಿಸುವುದು ಜಾಹೀರಾತು ನೋಡಿ ಆರಿಸುವುದಕ್ಕಿಂತ ಎಷ್ಟೋ ಮೇಲು. ಇನ್ನೊಂದು ಮಾತು: ರಿಪೇರಿಗೆ ಮುಂಚೆಯೇ ‘ನಿಮ್ಮ ದೂರು ಬಗೆಹರಿದಿದೆ’ ಎಂಬ ಮೆಸೇಜು ಬರುವುದು, ಒಟಿಪಿ ಕೊಡಿ ಸರ್ ಟಿಕೆಟ್ ಕ್ಲೋಸ್ ಮಾಡಬೇಕು ಎಂದು ಆ ಹುಡುಗನೇ ಗೋಗರೆಯುವುದು, ಇವೆಲ್ಲ ಅವನ ಕಳ್ಳತನವಲ್ಲ. ಗಂಟೆಯ ಲೆಕ್ಕದಲ್ಲಿ ಟಿಕೆಟ್ ಮುಚ್ಚಿಸುವ ಮೇಲಿನವರ ಒತ್ತಡ ಅದು.

ಊರ ಕಡೆ ಈ ಸಂಬಂಧ ಇನ್ನೂ ನೇರ. ಮಲೆನಾಡಿನಲ್ಲಿ ಬಿಎಸ್‌ಎನ್‌ಎಲ್ ಫೈಬರ್ ಬಹಳ ಕಡೆ ಮನೆಗೆ ಬರುವುದು ಆದಾಯ ಹಂಚಿಕೊಳ್ಳುವ ಸ್ಥಳೀಯ ಫ್ರಾಂಚೈಸಿಯ ಮೂಲಕ. ಮೊದಲು ಕೇಬಲ್ ಟಿವಿ ಕೊಡುತ್ತಿದ್ದವನೇ ಈಗ ನೆಟ್ ಕೊಡುತ್ತಾನೆ. ಬಿಲ್ಲಿನ ಮೇಲೆ ಕೇಂದ್ರ ಸರ್ಕಾರದ ಸಂಸ್ಥೆ, ವಾಟ್ಸ್‌ಆ್ಯಪಿನಲ್ಲಿ ಪರಿಚಯದವನು. ಗಾಳಿಮಳೆಗೆ ಅಡಿಕೆ ಮರ ಬಿದ್ದು ಲೈನ್ ಹೋದರೆ ಟೋಲ್ ಫ್ರೀ ನಂಬರಿಗೆ ಯಾರೂ ಫೋನ್ ಮಾಡುವುದಿಲ್ಲ, ಅವನಿಗೇ ಮಾಡುತ್ತಾರೆ. ಅವನು ಒಳ್ಳೆಯವನಾದರೆ ಬಿಎಸ್‌ಎನ್‌ಎಲ್ ಒಳ್ಳೆಯದು. ಬೇಜವಾಬ್ದಾರಿಯವನಾದರೆ ಬದಲಾಯಿಸಲು ಎರಡನೆಯ ಕಂಪನಿ ಇಲ್ಲ, ಮದುವೆ ಮನೆಯಲ್ಲಿ ಎದುರಾದರೆ ಬೈಯಲೂ ಆಗುವುದಿಲ್ಲ.

ನಗರದ ಅಪಾರ್ಟ್‌ಮೆಂಟುಗಳಲ್ಲಿ ಆಯ್ಕೆ ಬೇರೆ ಕಾರಣಕ್ಕೆ ಇಲ್ಲವಾಗುತ್ತದೆ. ಬಿಲ್ಡರೋ ಅಸೋಸಿಯೇಷನ್ನೋ ಒಂದೆರಡು ಕಂಪನಿಗೆ ಡಕ್ಟಿನ ಬಾಗಿಲು ತೆಗೆದು ಉಳಿದವರನ್ನು ಗೇಟಿನಲ್ಲೇ ನಿಲ್ಲಿಸುತ್ತಾರೆ. ನಲವತ್ತು ಕಂಪನಿಯ ಊರಿನಲ್ಲಿ ಬಾಡಿಗೆದಾರನಿಗೆ ಸಿಗುವುದು ಒಂದು. ಕಟ್ಟಡಗಳ ಡಿಜಿಟಲ್ ಸಂಪರ್ಕಕ್ಕೆ ರೇಟಿಂಗ್ ಕೊಡುವ ನಿಯಮವನ್ನು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್) 2024ರಲ್ಲಿ ತಂದಿದೆ. ಫ್ಲ್ಯಾಟ್ ನೋಡಲು ಹೋದವರು ವಾಸ್ತು ಕೇಳಿದ ಹಾಗೆ ಈ ರೇಟಿಂಗನ್ನೂ ಕೇಳುವ ದಿನ ಬಂದರೆ ಒಳ್ಳೆಯದು.

ಇಷ್ಟೆಲ್ಲ ದಾಟಿ ಕಂಪನಿ ಬಿಡಲು ಹೊರಟವನ ಕಥೆ ಕೇಳಿ. ಸೇರುವಾಗ ಆರು ತಿಂಗಳದ್ದೋ ವರ್ಷದ್ದೋ ಒಟ್ಟಿಗೆ ಕಟ್ಟಿದರೆ ಇನ್‌ಸ್ಟಲೇಷನ್ ಉಚಿತ, ರೌಟರ್ ಉಚಿತ ಎಂದಿರುತ್ತಾರೆ. ಉಚಿತ ಎಂದರೆ ಅದು ಅವರದು, ವಾಪಸ್ ಕೊಡಬೇಕು. ಮುಂಗಡ ಕಟ್ಟಿದ್ದು ಸಾಮಾನ್ಯವಾಗಿ ಅವರಲ್ಲೇ ಉಳಿಯುತ್ತದೆ. ಸೇರಲು ಆ್ಯಪಿನಲ್ಲಿ ಒಂದು ಗುಂಡಿ ಸಾಕು. ಬಿಡಲು ಕಾಲ್ ಸೆಂಟರ್. ಅಲ್ಲಿ ಬಿಡುತ್ತೇನೆ ಎಂದ ತಕ್ಷಣ ಲೈನು ಇನ್ನೊಬ್ಬರಿಗೆ ಹೋಗುತ್ತದೆ, ಅಲ್ಲಿಯವರೆಗೆ ಇಲ್ಲದ ರಿಯಾಯಿತಿ ಏಕಾಏಕಿ ಹುಟ್ಟಿಕೊಳ್ಳುತ್ತದೆ. ಅಷ್ಟು ವರ್ಷ ಸುಮ್ಮನೆ ಪೂರ್ತಿ ದುಡ್ಡು ಕಟ್ಟಿದ್ದಕ್ಕೆ ಸಿಗದ ಬೆಲೆ ಬಿಟ್ಟುಹೋಗುವ ಬೆದರಿಕೆಗೆ ಸಿಗುತ್ತದೆ. ಹೊಸ ಗ್ರಾಹಕರಿಗೆ ಮಾತ್ರ ಎನ್ನುವ ಆಫರಿಗಾಗಿ ಗಂಡನ ಹೆಸರಿನ ಕನೆಕ್ಷನ್ ತೆಗೆಸಿ ಅದೇ ಕಂಪನಿಯಲ್ಲಿ ಹೆಂಡತಿಯ ಹೆಸರಲ್ಲಿ ಹಾಕಿಸುವ ಮನೆಗಳಿವೆ. ಇದನ್ನು ಗ್ರಾಹಕನ ಕುತಂತ್ರ ಎನ್ನುವವರಿಗೆ ನನ್ನ ಪ್ರಶ್ನೆ: ಈ ಆಟದ ನಿಯಮ ಬರೆದವರು ಯಾರು?

ನಾನು ಬಿಟ್ಟ ಕಂಪನಿಯೊಂದು (ಹೆಸರು ಬೇಡ) ರೌಟರ್ ತೆಗೆದುಕೊಂಡು ಹೋಗಲು ಯಾರನ್ನೂ ಕಳಿಸಲಿಲ್ಲ. ಜ್ಞಾಪಿಸಿದರೆ ‘ರಿಕ್ವೆಸ್ಟ್ ಹಾಕಿದ್ದೇವೆ’ ಎಂಬ ಉತ್ತರ. ಬಹಳ ಕಾಲದ ಮೇಲೆ ಬಂದದ್ದು ಆಳಲ್ಲ, ಸಾಧನ ಹಿಂದಿರುಗಿಸಿಲ್ಲ, ಬಾಕಿ ಕಟ್ಟಿ ಎಂಬ ಸಂದೇಶ. ಅಟ್ಟದ ಮೇಲೆ ಧೂಳು ಹಿಡಿದು ಕೂತಿದ್ದ ಆ ಡಬ್ಬಿಯನ್ನು ನಾನೇ ಹೊತ್ತು ಕೊಟ್ಟು ರಸೀದಿಗೆ ಹಟ ಹಿಡಿಯಬೇಕಾಯಿತು. ಬಿಡುವವರು ಹಳೆಯ ಸಾಧನ ಕೊಡುವಾಗ ಸೀರಿಯಲ್ ನಂಬರಿನ ಫೋಟೊ ತೆಗೆದಿಟ್ಟುಕೊಳ್ಳುವುದು ಕ್ಷೇಮ. ಹೊಸ ಕನೆಕ್ಷನ್ ಒಂದು ಮಳೆಯನ್ನು, ಕೆಲವು ಭಾನುವಾರದ ರಾತ್ರಿಗಳನ್ನು ತಡೆದುಕೊಳ್ಳುವವರೆಗೆ ಹಳೆಯದನ್ನು ಕೀಳಿಸಬಾರದು.

ನಿಯಮವೇ ಇಲ್ಲವೆ ಎಂದರೆ, ಇದೆ. ಟ್ರಾಯ್‌ನ 2006ರ ಗುಣಮಟ್ಟದ ನಿಯಮದಲ್ಲೇ ನೂರಕ್ಕೆ ತೊಂಬತ್ತು ದೂರುಗಳು ಮರು ಕೆಲಸದ ದಿನದೊಳಗೆ ಸರಿಹೋಗಬೇಕು ಎಂದಿತ್ತು. ಮೂರು ಕೆಲಸದ ದಿನ ದಾಟಿದರೆ ಏಳು ದಿನದ ಬಾಡಿಗೆ, ಏಳು ದಾಟಿದರೆ ಹದಿನೈದು ದಿನದ್ದು, ಹದಿನೈದು ದಾಟಿದರೆ ಇಡೀ ತಿಂಗಳದ್ದು ಬಿಟ್ಟುಕೊಡಬೇಕು ಎಂದೂ ಇತ್ತು. ಕನೆಕ್ಷನ್ ಮುಚ್ಚಿದ 60 ದಿನದೊಳಗೆ ಠೇವಣಿ ವಾಪಸ್. 2024ರ ಅಕ್ಟೋಬರಿನಿಂದ ಹೊಸ ನಿಯಮಾವಳಿ ಜಾರಿಗೆ ಬಂದಿದೆ. ಆದರೆ ನಿಮ್ಮ ಸುತ್ತ ಎಷ್ಟು ಜನ ನೆಟ್ ಹೋದ ದಿನಗಳ ದುಡ್ಡನ್ನು ಕೇಳದೆ ಪಡೆದಿದ್ದಾರೆ? ಟ್ರಾಯ್ ಒಬ್ಬೊಬ್ಬ ಗ್ರಾಹಕನ ದೂರು ನೋಡುವುದಿಲ್ಲ, ಅದನ್ನು ಅದೇ ಹೇಳುತ್ತದೆ. 2012ರ ನಿಯಮದ ಪ್ರಕಾರ ದೂರಿಗೆ ಡಾಕೆಟ್ ನಂಬರ್, ಅತೃಪ್ತಿಯಿದ್ದರೆ ಕಂಪನಿಯದೇ ಮೇಲ್ಮನವಿ ಪ್ರಾಧಿಕಾರ, ಅವರಿಗೆ 39 ದಿನ. ಗ್ರಾಹಕ ನ್ಯಾಯಾಲಯಕ್ಕೆ ಹೋಗಬಹುದೆ ಎಂಬುದೇ ದೀರ್ಘ ಕಾಲ ಗೊಂದಲದಲ್ಲಿತ್ತು: 2009ರಲ್ಲಿ ಸುಪ್ರೀಂ ಕೋರ್ಟ್ ಟೆಲಿಗ್ರಾಫ್ ಕಾಯ್ದೆಯ ಆಧಾರದಲ್ಲಿ ಇಲ್ಲ ಎಂದಿತ್ತು, 2022ರ ಫೆಬ್ರುವರಿಯಲ್ಲಿ ವೊಡಾಫೋನ್ ಐಡಿಯಾ ಪ್ರಕರಣದಲ್ಲಿ ಹೋಗಬಹುದು ಎಂದಿತು. ಬಾಗಿಲು ತೆರೆದದ್ದು ಒಳ್ಳೆಯದೇ. ಆದರೆ ನಾಲ್ಕು ದಿನದ ನೆಟ್ಟಿಗಾಗಿ ಕೋರ್ಟಿನ ಮೆಟ್ಟಿಲು ಹತ್ತುವಷ್ಟು ಪುರುಸೊತ್ತು ಯಾರಿಗಿದೆ?

ಮೊಬೈಲಿನಲ್ಲಿ 2011ರ ಜನವರಿಯಲ್ಲೇ ದೇಶದಾದ್ಯಂತ ನಂಬರ್ ಪೋರ್ಟಬಿಲಿಟಿ ಬಂತು. ಒಂದು ಎಸ್‌ಎಂಎಸ್ ಕಳಿಸಿದರೆ ಬಿಡುವ ಪ್ರಕ್ರಿಯೆ ಶುರು. ಮನೆಯ ನೆಟ್ಟಿಗೆ ಅಂಥದ್ದಿಲ್ಲ. ಇಲ್ಲಿ ಹೊತ್ತೊಯ್ಯಲು ನಂಬರ್ ಇಲ್ಲ, ಹೊಸ ತಂತಿಯನ್ನೇ ಎಳೆಯಬೇಕು ಎಂದು ಕಂಪನಿಗಳು ಹೇಳಬಹುದು. ಮಾತು ಅರ್ಧ ಸರಿ. ತಂತಿಯನ್ನು ಪೋರ್ಟ್ ಮಾಡಲಾಗದು. ಬಿಡುವ ಅರ್ಜಿ, ಬಿಲ್ಲು ನಿಲ್ಲಿಸುವುದು, ಸಾಧನ ವಾಪಸು, ಠೇವಣಿ ಇವನ್ನು ಖಂಡಿತ ಮಾಡಬಹುದು. ಬ್ರಿಟನ್ನಿನಲ್ಲಿ ಬೇರೆ ಬೇರೆ ಜಾಲಗಳ ಕಂಪನಿಗಳ ನಡುವೆಯೂ ಇದನ್ನು ಮಾಡಿದ್ದಾರೆ. 2024ರ ಸೆಪ್ಟೆಂಬರ್ 12ರಿಂದ ಅಲ್ಲಿ ಗ್ರಾಹಕ ಮಾತಾಡಬೇಕಾದದ್ದು ಹೊಸ ಕಂಪನಿಯ ಜೊತೆ ಮಾತ್ರ. ಹಳೆಯವರಿಗೆ ಹೇಳಿ ಬಿಡಿಸುವುದು ಹೊಸಬರ ಕೆಲಸ. ಬದಲಾದ ದಿನದಾಚೆಗೆ ನೋಟಿಸ್ ಅವಧಿಯ ಹೆಸರಿನಲ್ಲಿ ವಸೂಲಿ ಮಾಡುವಂತಿಲ್ಲ. ಅದಕ್ಕೂ ಮೊದಲೇ, 2019ರ ಏಪ್ರಿಲ್‌ನಿಂದ, ಪೂರ್ತಿ ಕೆಟ್ಟ ಲೈನು ಎರಡು ಕೆಲಸದ ದಿನದಲ್ಲಿ ಸರಿಯಾಗದಿದ್ದರೆ ಗ್ರಾಹಕ ಕೇಳದೆಯೇ ದಿನಕ್ಕಿಷ್ಟು ಪರಿಹಾರ ಕೊಡುವ ವ್ಯವಸ್ಥೆಗೆ ದೊಡ್ಡ ಕಂಪನಿಗಳು ಒಪ್ಪಿಕೊಂಡಿದ್ದವು. ಅಲ್ಲಿಯ ಕಂಪನಿಗಳೇನೂ ಸಂತರಲ್ಲ: ಈ ಬದಲಾವಣೆ 2023ರ ಏಪ್ರಿಲ್‌ನಲ್ಲೇ ಬರಬೇಕಿತ್ತು, ಒಂದೂವರೆ ವರ್ಷ ಎಳೆದಾಡಿದರು. ಆದರೂ ಬಂತು.

ಎಲ್ಲ ಸಿಟ್ಟೂ ನ್ಯಾಯದ್ದಲ್ಲ ಎಂಬುದನ್ನೂ ಹೇಳಬೇಕು. ರೌಟರನ್ನು ಟಿವಿ ಸ್ಟ್ಯಾಂಡಿನ ಹಿಂದೆ, ಚಪ್ಪಲಿ ಗೂಡಿನ ಮೇಲೆ ಇಟ್ಟು, ಎರಡು ಗೋಡೆಯಾಚೆಯ ಬೆಡ್‌ರೂಮಿನಲ್ಲಿ ಸಿಗ್ನಲ್ ಇಲ್ಲವೆಂದು ಕಂಪನಿ ಬದಲಾಯಿಸಿದವರಿದ್ದಾರೆ. ಹೊಸ ರೌಟರ್ ಅದೇ ಗೂಡಿನ ಮೇಲೆ ಕೂರುತ್ತದೆ, ಅದೇ ದೂರು ಮರಳುತ್ತದೆ. 100 ಎಂಬಿಪಿಎಸ್ ಪ್ಲಾನಿನಲ್ಲಿ ಡೌನ್‌ಲೋಡ್ ಸೆಕೆಂಡಿಗೆ ಹನ್ನೆರಡು ಎಂಬಿ ತೋರಿಸಿದರೆ ಅದು ಮೋಸವಲ್ಲ. ಎಂಟು ಬಿಟ್ ಸೇರಿ ಒಂದು ಬೈಟ್. ಇತ್ತ ಕಂಪನಿಯ ಹುಡುಗ ಫೋನಿನಲ್ಲಿ ಮಾಡಿ ತೋರಿಸುವ ಸ್ಪೀಡ್ ಟೆಸ್ಟನ್ನೂ ಪೂರ್ತಿ ನಂಬುವಂತಿಲ್ಲ. ಟೆಸ್ಟಿನ ಸರ್ವರ್ ಎಷ್ಟೋ ಸಲ ಅದೇ ಕಂಪನಿಯ ಜಾಲದೊಳಗೇ ಇರುತ್ತದೆ, ಅಳೆದದ್ದು ಅವರ ಕಾಂಪೌಂಡಿನ ಒಳಗಿನ ವೇಗ.

2023ರ ಸೆಪ್ಟೆಂಬರಿನಲ್ಲಿ ಜಿಯೋ ಏರ್‌ಫೈಬರ್ ಬೆಂಗಳೂರು ಸೇರಿ ಎಂಟು ನಗರಗಳಲ್ಲಿ ಬಂದಾಗ ಕಂಬ-ಮರಗಳ ಈ ತಾಪತ್ರಯ ತಪ್ಪೀತು ಎನಿಸಿತ್ತು. ಏರ್‌ಟೆಲ್‌ನದ್ದೂ ಬಂದಿದೆ. 5ಜಿ ಸಿಗ್ನಲ್ ಹಿಡಿಯುವ ಪೆಟ್ಟಿಗೆಯೊಂದನ್ನು ಟೆರೇಸಿನ ಮೇಲೆ ಕೂರಿಸಿದರೆ ಮುಗಿಯಿತು, ಬೀದಿಯ ತಂತಿ ಬೇಕಿಲ್ಲ. ತಂತಿಯೇ ಇಲ್ಲದ ಮೇಲೆ ಕಂಪನಿ ಬದಲಾಯಿಸುವುದು ಸಿಮ್ ಬದಲಾಯಿಸಿದಷ್ಟು ಹಗುರವಾಗಬೇಕಿತ್ತು. ಆದರೆ ಪೆಟ್ಟಿಗೆ ಕಂಪನಿಯದು, ಒಬ್ಬರದು ಇನ್ನೊಬ್ಬರ ಜಾಲಕ್ಕೆ ಒಗ್ಗುವುದಿಲ್ಲ, ಮುಂಗಡ ಕಟ್ಟಿದರೆ ಇನ್‌ಸ್ಟಲೇಷನ್ ಉಚಿತ ಎಂಬ ಮಾತೂ ಹಾಗೇ ಇದೆ. ಅದನ್ನು ಕೂರಿಸಲು ಬರುವವರು ಎರಡೆರಡು ಸಲ ಫೋನ್ ಮಾಡಿ ಮನೆಯಲ್ಲಿದ್ದೀರಾ ಎಂದು ಕೇಳುತ್ತಾರೆ. ಇಳಿಸಿಕೊಂಡು ಹೋಗಲು ಮಾತ್ರ ಇಲ್ಲೂ ನಾವೇ ಫೋನ್ ಮಾಡಬೇಕು.