ಕೆರೆಯ ಅಂಚೂ ಉಪಗ್ರಹದ ಗೆರೆಯೂ

ಅಹಮದಾಬಾದಿನ ಬಾಹ್ಯಾಕಾಶ ಉಪಯೋಗ ಕೇಂದ್ರವು 2011ರಲ್ಲಿ ಹೊರತಂದ ರಾಷ್ಟ್ರೀಯ ಜೌಗುಭೂಮಿ ಭೂಪಟಸಂಪುಟವು ಮಹತ್ತ್ವದ ಕಾರ್ಯವೆಂಬುದು ನಿರ್ವಿವಾದವು. 2006–07ನೆಯ ಸಾಲಿನ ಉಪಗ್ರಹಚಿತ್ರಗಳ ಆಧಾರದಿಂದ ಅದು 2,01,503 ಜೌಗುಭೂಮಿಗಳ ಎಲ್ಲೆಯನ್ನು ಗುರುತಿಸಿ, ಮಳೆಗಾಲಕ್ಕೆ ಮುಂಚಿನ ಹಾಗೂ ಅನಂತರದ ಸ್ಥಿತಿಗಳೆರಡನ್ನೂ ತೋರಿಸಿದೆ. ಆದರೆ ಆ ಗೆರೆಯು ಯಾವುದರ ಗೆರೆಯೆಂಬುದು ವಿಚಾರಾರ್ಹವಾಗಿದೆ.

ಕನ್ನಡಿಗರಿಗೆ ಏರಿ, ತೂಬು, ಕೋಡಿ, ಅಂಗಳಗಳೆಲ್ಲವೂ ಸೇರಿ ಕೆರೆ. ಬೇಸಗೆಯಲ್ಲಿ ನೀರು ಬತ್ತಿದರೂ ಅಂಗಳವು ಕೆರೆಯದೇ. ಉಪಗ್ರಹವಾದರೋ ಆ ದಿನದ ನೀರನ್ನು ಮಾತ್ರ ಬಲ್ಲದು. ನೀರು ಅವಕೆಂಪು ಕಿರಣಗಳನ್ನು ಹೀರಿ ಚಿತ್ರದಲ್ಲಿ ಕಪ್ಪಾಗುತ್ತದೆ. ಹಸುರೆಲೆ ಅವನ್ನು ಪ್ರತಿಫಲಿಸುತ್ತದೆ. ಆದಕಾರಣ ಜೊಂಡಿನ ಬುಡದಲ್ಲಿ ನಿಂತ ನೀರು ಲೆಕ್ಕ ತಪ್ಪುವ ಸಂಭವವುಂಟು. ಸಂಪುಟಕಾರರು ಜಲಸಸ್ಯಗಳನ್ನು ಬೇರೆಯಾಗಿ ಗುರುತಿಸಿ ಈ ದೋಷವನ್ನು ತಗ್ಗಿಸಿರುವುದು ಪ್ರಶಂಸನೀಯ.

ಇಳಿಜಾರಿನ ತೊಡಕು ಇದಕ್ಕಿಂತ ದೊಡ್ಡದು. ಇನ್ನೂರು ಮೀಟರಿಗೆ ಒಂದು ಮೀಟರು ಇಳಿಯುವ ಅಂಗಳದಲ್ಲಿ ನೀರು 10 ಸೆಂಟಿಮೀಟರು ತಗ್ಗಿದರೆ ಅಂಚು 20 ಮೀಟರು ಹಿಂಜರಿಯುತ್ತದೆ. ಸಂಪುಟಕ್ಕೆ ಬಳಸಿದ ಚಿತ್ರಗಳ ಒಂದೊಂದು ಚೌಕದ ಅಗಲ 23.5 ಮೀಟರು. ಹೀಗಿರುವಾಗ ಒಂದು ದಿನದ ಅಂಚನ್ನೇ ಶಾಶ್ವತವಾದ ಎಲ್ಲೆಯೆಂದು ಭಾವಿಸುವುದು ಸಾಧುವಲ್ಲ. 2.25 ಹೆಕ್ಟೇರಿಗಿಂತ ಚಿಕ್ಕವಾದ 5,55,557 ಜೌಗುಭೂಮಿಗಳಿಗಂತೂ ಸಂಪುಟದಲ್ಲಿ ಬರಿಯ ಚುಕ್ಕೆಯೇ ಹೊರತು ಅಂಚೆಂಬುದಿಲ್ಲ.

ಇದಕ್ಕೆ ವಿಪರೀತವಾದ ಭ್ರಾಂತಿಯೂ ಉಂಟು. 2019ರ ಆಗಸ್ಟಿನಲ್ಲಿ, ಬೋರಗಾಂವ ಸೇರಿರುವ ನಿಪ್ಪಾಣಿ ತಾಲೂಕಿನಲ್ಲಿ, ದೂಧಗಂಗಾ ವೇದಗಂಗಾ ನದಿಗಳು ಉಕ್ಕಿ ಹೊಲಗಳನ್ನು ಮುಳುಗಿಸಿದುವು. ಅಂಥ ದಿನದ ಚಿತ್ರವೊಂದನ್ನೇ ನಂಬಿದರೆ ಹೊಲವೂ ಕೆರೆಯಾಗಿ ಕಾಣುವುದು. ಮೋಡವನ್ನು ಭೇದಿಸಿ ನೋಡುವ ರೇಡಾರಿಗೂ ನೆರೆಯ ನೀರು, ಕೆರೆಯ ನೀರು ಎಂಬ ಭೇದವು ತಾನಾಗಿ ತಿಳಿಯದು.

ಇದು ಕೇವಲ ಪಂಡಿತರ ವಾದವಲ್ಲ. ಗದಗ ಜಿಲ್ಲೆಯ ಮಾಗಡಿ ಕೆರೆಯು ಪಟ್ಟೆತಲೆ ಹೆಬ್ಬಾತುಗಳ ಚಳಿಗಾಲದ ನೆಲೆ. 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. ವಿಸ್ತಾರವು ಸುಮಾರು 54 ಹೆಕ್ಟೇರು ಮಾತ್ರ. ಇಂಥ ಕೆರೆಗೆ ಬೇಸಗೆಯ ನೀರಂಚನ್ನೇ ಎಲ್ಲೆಯೆಂದು ಒಪ್ಪಿದರೆ, ಒಣಗಿದ ಅಂಗಳವು ಕೆರೆಯ ಹೊರಗಾಗಿ ಒತ್ತುವರಿಗೆ ದಾರಿಯಾಗುತ್ತದೆ.

ಆದುದರಿಂದ ಮುಂದಿನ ಭೂಪಟಗಳಲ್ಲಿ ಹಲವು ವರ್ಷಗಳ ಚಿತ್ರಗಳಿಂದ ತಿಳಿದ ಅತ್ಯಧಿಕ ಮತ್ತು ಅತ್ಯಲ್ಪ ನೀರಂಚುಗಳೆರಡನ್ನೂ ಬರೆದು, ಪ್ರತಿಯೊಂದು ಗೆರೆಗೂ ದಿನಾಂಕವನ್ನು ಕೊಡುವುದು ಯುಕ್ತ. ಏರಿ ಕೋಡಿಗಳ ಸ್ಥಾನವನ್ನೂ ಗ್ರಾಮನಕ್ಷೆಯನ್ನೂ ಅವುಗಳೊಡನೆ ತಾಳೆನೋಡಿದ ಮೇಲೆಯೇ ಕೆರೆಯ ಎಲ್ಲೆಯನ್ನು ನಿರ್ಣಯಿಸತಕ್ಕದ್ದು.