ಅಪ್ಪಣೆಗೆ ಕಾದ ‘ಸಂಸ್ಕಾರ’

ಚಾಮರಾಜನಗರ, ಗುಂಡ್ಲುಪೇಟೆಗಳ ಸೀಮೆಯಲ್ಲಿ ನೀಲಗಾರರ ಹಾಡು ಕೇಳದ ವಾಚಕರು ವಿರಳ. ಹೇಸಿಗೆಯ ವೇಷದಲ್ಲಿ ಕಲ್ಯಾಣದ ಬಾಗಿಲಿಗೆ ಬರುವ ಮಂಟೇಸ್ವಾಮಿಯು ಒಳಗಿನ ಶರಣರನ್ನೇ ಒರೆಗೆ ಹಚ್ಚುವ ಆ ಕಥೆಯನ್ನು ನಮ್ಮವರೂ ರಾತ್ರಿಯೆಲ್ಲ ಕುಳಿತು ಕೇಳಿದ್ದಾರೆ. ತಂಬೂರಿ ಹಿಡಿದವನು ತನ್ನ ಪಾಠವನ್ನು ಮೊದಲೇ ಯಾವ ಕಚೇರಿಗೂ ಒಪ್ಪಿಸಬೇಕಾಗಿಲ್ಲ. ಚಲನಚಿತ್ರಕ್ಕೆ ಈ ಭಾಗ್ಯವಿಲ್ಲ. ಪ್ರಮಾಣಪತ್ರ ದೊರೆತ ಮೇಲೆಯೇ ಅದು ತೆರೆಗೆ ಬರಬೇಕು. ಪಟ್ಟಾಭಿರಾಮ ರೆಡ್ಡಿಯವರ ‘ಸಂಸ್ಕಾರ’ವನ್ನು ಈ ವ್ಯತ್ಯಾಸವನ್ನರಿತು ನೋಡಬೇಕು.

ಯು. ಆರ್. ಅನಂತಮೂರ್ತಿಯವರ ಕಾದಂಬರಿ 1965ರಲ್ಲಿ ಅಚ್ಚಾದಾಗ ಯಾರ ಅಪ್ಪಣೆಯೂ ಬೇಕಾಗಲಿಲ್ಲ. ಅದೇ ಕಥೆ 1970ರಲ್ಲಿ ಚಿತ್ರವಾದಾಗ, ಜಾತಿಭಾವನೆಗಳು ಕೆರಳಿಯಾವೆಂಬ ಭಯದಿಂದ ಮದರಾಸಿನ ಸೆನ್ಸಾರ್ ಮಂಡಳಿ ತಡೆಯಿತು. ಕಡೆಗೆ ಕೇಂದ್ರದ ವಾರ್ತಾ ಸಚಿವಾಲಯವೇ ತಡೆಯನ್ನು ತೆಗೆಯಿತು. ಬಳಿಕ ಅದೇ ಸರ್ಕಾರದಿಂದ ಚಿತ್ರಕ್ಕೆ ರಾಷ್ಟ್ರಪತಿಗಳ ಸ್ವರ್ಣಪದಕವೂ ಬಂದಿತು!

ಕಥೆಯನ್ನು ಸ್ಮರಿಸಿಕೊಳ್ಳಿ. ನಾರಣಪ್ಪನ ಶವ ಕೊಳೆಯುತ್ತಿದೆ. ದಹನ ಮಾಡಬೇಕೋ ಬೇಡವೋ ಎಂದು ನಿರ್ಣಯಿಸುವ ಧೈರ್ಯ ಅಗ್ರಹಾರದಲ್ಲಿ ಒಬ್ಬರಿಗೂ ಇಲ್ಲ. ಅವರು ಪ್ರಾಣೇಶಾಚಾರ್ಯರ ಮುಖ ನೋಡುತ್ತಾರೆ, ಆಚಾರ್ಯರು ಗ್ರಂಥಗಳನ್ನು, ಗ್ರಂಥಗಳಲ್ಲಿ ಉತ್ತರವಿಲ್ಲ. ಉಳಿದದ್ದು ಮಠದ ಬಾಗಿಲು. (ಮಠದಲ್ಲಿರುವವನಿಗೆ ಈ ಭಾಗ ಅಷ್ಟು ಸುಖಕರವಲ್ಲ.) ಚಿತ್ರವು ಯಾವ ಅಂಜುಬುರುಕುತನವನ್ನು ತೋರಿಸಿತೋ ಅದನ್ನೇ ಅದರ ಪರೀಕ್ಷಕರು ಅಭಿನಯಿಸಿದರು. ಅಪ್ಪಣೆಗೆ ಕಾಯದೆ ಇರುಳಿನಲ್ಲಿ ಶವಕ್ಕೆ ಬೆಂಕಿ ಕಾಣಿಸಿದವಳು ಚಂದ್ರಿ. ಕೃತಿಯ ಜೀವ ಅವಳಲ್ಲಿದೆ, ಆಚಾರ್ಯರ ತೊಳಲಾಟದಲ್ಲಿ ಅಲ್ಲವೆಂದೇ ನಮ್ಮ ಎಣಿಕೆ. ಆ ಪಾತ್ರವನ್ನು ವಹಿಸಿದ ಸ್ನೇಹಲತಾ ರೆಡ್ಡಿಯವರು ತುರ್ತುಪರಿಸ್ಥಿತಿಯಲ್ಲಿ, 1976ರಲ್ಲಿ, ಬೆಂಗಳೂರಿನ ಕಾರಾಗೃಹವನ್ನು ಸೇರಿದರು. ಅಲ್ಲಿ ಉಬ್ಬಸದಿಂದ ಬಳಲಿ, ಪೆರೋಲಿನ ಮೇಲೆ ಹೊರಬಂದ ಕೆಲವೇ ದಿನಗಳಲ್ಲಿ, 1977ರ ಜನವರಿ 20ರಂದು ತೀರಿಕೊಂಡರು.

ಬ್ರಾಹ್ಮಣ ಅಗ್ರಹಾರದ ವಿಡಂಬನೆಯನ್ನು ವೀರಶೈವರು ಮೆಚ್ಚುವುದು ಸುಲಭ. ನಮ್ಮ ಸರದಿ ಬಂದಾಗ ಏನಾಯಿತು? ಪಿ. ವಿ. ನಾರಾಯಣರ ‘ಧರ್ಮಕಾರಣ’ ಕಾದಂಬರಿಯನ್ನು 1997ರಲ್ಲಿ ರಾಜ್ಯ ಸರ್ಕಾರ ಮುಟ್ಟುಗೋಲು ಹಾಕಿತು. 2007ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಆಜ್ಞೆಯನ್ನು ಎತ್ತಿಹಿಡಿಯಿತು. ಅಕ್ಕನಾಗಮ್ಮನವರ ಚಿತ್ರಣದಿಂದ ಭಕ್ತರಿಗಾದ ನೋವು ಹುಸಿಯಲ್ಲ. ಆದರೆ ವಚನಗಳನ್ನೂ ಪುರಾಣಗಳನ್ನೂ ಮುಂದಿಟ್ಟು ಅದಕ್ಕೆ ಉತ್ತರಿಸುವುದು ವಿದ್ವಾಂಸರ ಕಾರ್ಯವಾಗಿತ್ತು. ಅದು ಪೊಲೀಸರ ಪಾಲಾಯಿತು. ಆ ಪುಸ್ತಕವನ್ನು ಓದಿ ಖಂಡಿಸುವ ಅವಕಾಶವೂ ಕಿರಿಯ ವಾಚಕರಿಗೆ ಉಳಿಯಲಿಲ್ಲ.