ಪಕ್ಷಿವಿಶೇಷವೂ ಚಿತ್ರಕಾರನ ಕುಂಚವೂ

ಸಂಸ್ಕೃತ ಕಾವ್ಯಗಳಿಗೂ ಹಳಗನ್ನಡ ಕಾವ್ಯಗಳಿಗೂ ಇರುವ ಟೀಕೆಗಳಲ್ಲಿ ‘ಪಕ್ಷಿವಿಶೇಷ’, ‘ವೃಕ್ಷವಿಶೇಷ’, ‘ಪುಷ್ಪವಿಶೇಷ’ ಎಂಬ ಅರ್ಥವಿವರಣೆಗಳು ಪದೇ ಪದೇ ಕಾಣಬರುವುವು. ಕ್ರೌಂಚವೆಂದರೆ ಒಂದು ಪಕ್ಷಿವಿಶೇಷ; ಶಿರೀಷವೆಂದರೆ ಒಂದು ಪುಷ್ಪವಿಶೇಷ. ಪಾಠ ಹೇಳುವವರು ಇಷ್ಟನ್ನು ಹೇಳಿ ಮುಂದಿನ ಪದಕ್ಕೆ ಸಾಗುವರು. ಕೇಳುವವರೂ ಅಷ್ಟಕ್ಕೇ ತೃಪ್ತರಾಗುವರು. ಆದರೆ ಈ ವಿವರಣೆಯಲ್ಲಿ ‘ವಿಶೇಷ’ವೆಂಬ ಮಾತೊಂದನ್ನುಳಿದು ವಿಶೇಷವಾವುದೂ ಇಲ್ಲ. ಹಕ್ಕಿಯೆಂಬ ಸಾಮಾನ್ಯವೇ ಇಲ್ಲಿ ವಿಶೇಷದ ವೇಷವನ್ನು ತೊಟ್ಟು ಬಂದಿರುವುದು.

ಚಿತ್ರಕಾರನಿಗೆ ಈ ಸೌಲಭ್ಯವಿಲ್ಲ. ಪಕ್ಷಿವಿಶೇಷವನ್ನು ಬರೆಯಲು ಯಾರಿಗೂ ಸಾಧ್ಯವಾಗದು. ಕೊಕ್ಕು ನೇರವೋ ಬಾಗಿರುವುದೋ, ಕಾಲಿನ ನೀಳವೆಷ್ಟು, ತಲೆಯ ಮೇಲೆ ಗರಿಯಿರುವುದೋ ಬರಿಯ ತೊಗಲಿರುವುದೋ, ರೆಕ್ಕೆಯನ್ನು ಮಡಿಸಿದಾಗ ಬಾಲವು ಕಾಣುವುದೋ ಮರೆಯಾಗುವುದೋ ಎಂಬುದೆಲ್ಲವೂ ಕುಂಚವು ಕಾಗದವನ್ನು ಮುಟ್ಟುವುದಕ್ಕೆ ಮೊದಲೇ ನಿರ್ಣಯವಾಗಿರಬೇಕು. ತಿಳಿಯದುದನ್ನು ಮಾತು ಮರೆಸಬಲ್ಲದು, ರೇಖೆಯು ಮರೆಸಲಾರದು. ಆದುದರಿಂದ ಹಕ್ಕಿ ಹೂಗಳ ಚಿತ್ರಣವನ್ನು ಒಂದು ಬಗೆಯ ವ್ಯಾಖ್ಯಾನವೆಂದೇ ಎಣಿಸಿ, ಅದರ ಯೋಗ್ಯತೆಯನ್ನು ಪರೀಕ್ಷಿಸುವುದು ಸಾಹಿತ್ಯಾಭ್ಯಾಸಿಗಳಿಗೆ ಉಚಿತವಾಗಿ ತೋರುವುದು.

ಇದಕ್ಕೆ ವಿರೋಧವಾಗಿ ಎರಡು ಪೂರ್ವಪಕ್ಷಗಳು ಬರುವುದುಂಟು. ಇದ್ದುದನ್ನು ಇದ್ದಂತೆ ಬರೆಯುವುದು ಕೇವಲ ಅನುಕರಣ, ಅದರಲ್ಲಿ ಪ್ರತಿಭೆಗೆ ಎಡೆಯಿಲ್ಲವೆಂಬುದು ಒಂದು. ಭಾರತೀಯರ ಚಿತ್ರವಿದ್ಯೆಯು ಧ್ಯಾನಮೂಲವಾದುದು, ಕಣ್ಣಿಗೆ ಕಂಡ ಹಕ್ಕಿಯನ್ನು ಗರಿ ಗರಿಯಾಗಿ ಬರೆಯುವ ಪದ್ಧತಿಯು ಹೊರಗಿನಿಂದ ಬಂದುದೆಂಬುದು ಮತ್ತೊಂದು. ಇವುಗಳಲ್ಲಿ ಎರಡನೆಯದನ್ನು ಮೊದಲು ವಿಚಾರಿಸಬಹುದು.

ವಿಷ್ಣುಧರ್ಮೋತ್ತರದ ತೃತೀಯ ಖಂಡದಲ್ಲಿರುವ ಚಿತ್ರಸೂತ್ರವು ಚಿತ್ರಗಳನ್ನು ವಿಭಾಗಿಸುವಾಗ ಲೋಕಸಾದೃಶ್ಯವುಳ್ಳ ‘ಸತ್ಯ’ಚಿತ್ರವನ್ನು ಮೊದಲು ಹೇಳಿರುವುದು. ಗಾಳಿಗೆ ಚಲಿಸುವ ಅಲೆ, ಜ್ವಾಲೆ, ಹೊಗೆ, ಪತಾಕೆಗಳನ್ನು ಬರೆಯಬಲ್ಲವನನ್ನೂ, ಮಲಗಿದವನಲ್ಲಿ ಚೇತನವನ್ನೂ ಸತ್ತವನಲ್ಲಿ ಅದರ ಅಭಾವವನ್ನೂ ತೋರಿಸಬಲ್ಲವನನ್ನೂ ಅದು ಚಿತ್ರವಿದನೆಂದು ಕರೆಯುವುದು. ಕನ್ನಡ ನಾಡಿನ ಕಲ್ಯಾಣದಲ್ಲಿ ಆಳುತ್ತಿದ್ದ ಚಾಲುಕ್ಯ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸವು ೧೨ನೆಯ ಶತಮಾನದ ಗ್ರಂಥ. ಅದರಲ್ಲಿ ಕನ್ನಡಿಯ ಪ್ರತಿಬಿಂಬದಂತೆ ಸಾದೃಶ್ಯವುಳ್ಳ ಚಿತ್ರಕ್ಕೆ ‘ವಿದ್ಧ’ವೆಂಬ ಹೆಸರುಂಟು, ಭಾವಚಿತ್ರ, ರಸಚಿತ್ರಗಳಿಗೆ ಬೇರೆ ಲಕ್ಷಣಗಳುಂಟು. ಹೀಗಿರಲು ಸಾದೃಶ್ಯವು ಈ ನೆಲದ ಶಾಸ್ತ್ರಕ್ಕೆ ಅಪರಿಚಿತವೆಂದು ಹೇಳುವುದು ಹೇಗೆ? ಮೊಗಲರ ಆಸ್ಥಾನದಲ್ಲಿ ಪಾರಸೀಕ ಸಂಪ್ರದಾಯವೂ ಯೂರೋಪಿನ ಅಚ್ಚುಚಿತ್ರಗಳೂ ಕೈಗೆ ಹೊಸ ರೀತಿಗಳನ್ನು ಕಲಿಸಿದುದು ನಿಜ. ಆದರೆ ಸಾದೃಶ್ಯವನ್ನು ಬಯಸುವ ಕಣ್ಣು ಅದಕ್ಕೂ ಹಿಂದಿನಿಂದಲೇ ಇಲ್ಲಿದ್ದಿತು.

ಶಾಕುಂತಲದ ಆರನೆಯ ಅಂಕವೂ ಇದಕ್ಕೆ ಸಾಕ್ಷಿಯಾಗಿರುವುದು. ದುಷ್ಯಂತನು ತಾನು ಬರೆದ ಚಿತ್ರದಲ್ಲಿ ಇನ್ನೂ ಬರೆಯಬೇಕಾದುದನ್ನು ಎಣಿಸುವಾಗ ಮಾಲಿನಿಯ ಮರಳಿನ ಮೇಲಣ ಹಂಸದ ಜೋಡಿಯನ್ನು ಹೇಳಿ, ಕೃಷ್ಣಮೃಗದ ಕೊಂಬಿಗೆ ತನ್ನ ಎಡಗಣ್ಣನ್ನು ಉಜ್ಜಿಕೊಳ್ಳುವ ಹೆಣ್ಣು ಜಿಂಕೆಯನ್ನು ಹೇಳುವನು. ಕಣ್ಣು ಅತಿಮೃದುವಾದ ಅಂಗ, ಕೊಂಬಿನ ತುದಿ ಅತಿತೀಕ್ಷ್ಣವಾದುದು. ಅವೆರಡನ್ನೂ ಒಂದೆಡೆಗೆ ತಂದು ವಿಶ್ವಾಸವೆಂಬ ಭಾವವನ್ನು, ಆ ಮಾತನ್ನೇ ಆಡದೆ, ತೋರಿಸಿರುವುದು ಕವಿಯ ಚಾತುರ್ಯ. ಜಿಂಕೆಯ ಸ್ವಭಾವವನ್ನು ಅರಿಯದವನಿಗೆ ಈ ಚಿತ್ರವು ಹೊಳೆಯದು. ಅದೇ ಸಂದರ್ಭದಲ್ಲಿ ಶಕುಂತಲೆಯ ಕಿವಿಯ ಶಿರೀಷದ ಕೇಸರಗಳು ಕೆನ್ನೆಯವರೆಗೆ ಇಳಿದಿರಬೇಕೆಂಬ ಮಾತು ಬರುವುದು. ಶಿರೀಷವೆಂದರೆ ಕನ್ನಡದ ಬಾಗೆ. ಅದರ ಹೂವಿನಲ್ಲಿ ಎಸಳುಗಳು ಕಂಡೂ ಕಾಣದಷ್ಟು ಸಣ್ಣವು. ಎಳೆ ಎಳೆಯಾಗಿ ಹೊರಚಾಚಿದ ಕೇಸರಗಳೇ ಹೂವಿನ ಅಂದವೆಲ್ಲವೂ ಆಗಿರುವುವು. ‘ಪುಷ್ಪವಿಶೇಷ’ವೆಂದು ಕೇಳಿದ ವಿದ್ಯಾರ್ಥಿಯು ಎಸಳುಳ್ಳ ಯಾವುದೋ ಹೂವನ್ನು ಕಲ್ಪಿಸಿಕೊಳ್ಳುವನು, ಕೇಸರವು ಕೆನ್ನೆಗೆ ಇಳಿಯುವ ಬಗೆ ಅವನಿಗೆ ತಿಳಿಯದು. ಬಾಗೆಯ ಹೂವನ್ನು ಒಂದು ಸಲ ಬರೆದು ನೋಡಿದವನಿಗೆ ವ್ಯಾಖ್ಯಾನವೇ ಬೇಡ.

ಇನ್ನು ಅನುಕರಣವೆಂಬ ಆಕ್ಷೇಪ. ಇದು ಚಿತ್ರಕ್ಕೆ ಮಾತ್ರ ಬಂದುದಲ್ಲ. ಅಲಂಕಾರಶಾಸ್ತ್ರದಲ್ಲಿ ಸ್ವಭಾವೋಕ್ತಿಯ ವಿಷಯದಲ್ಲಿಯೂ ಇದೇ ವಾದವು ನಡೆದಿರುವುದು. ದಂಡಿಯು ಸ್ವಭಾವೋಕ್ತಿಯನ್ನು ಅಲಂಕಾರಗಳಲ್ಲಿ ಮೊದಲನೆಯದಾಗಿ ಎಣಿಸಿ, ಅದನ್ನು ಜಾತಿ, ಕ್ರಿಯೆ, ಗುಣ, ದ್ರವ್ಯಗಳೆಂದು ವಿಭಾಗಿಸಿರುವನು. ಜಾತಿಗೆ ಅವನು ಕೊಟ್ಟ ಉದಾಹರಣೆಯು ಗಿಳಿಯ ಕೊಕ್ಕು, ರೆಕ್ಕೆ, ಕೊರಳುಗಳ ವರ್ಣನೆ. ಕ್ರಿಯೆಗೆ ಕೊಟ್ಟುದು ತನ್ನ ಹೆಣ್ಣನ್ನು ಸುತ್ತುವ ಪಾರಿವಾಳದ ಚೇಷ್ಟೆ. ಕುಂತಕನಾದರೋ ಸ್ವಭಾವವು ಕಾವ್ಯದ ಶರೀರವೇ ಹೊರತು ಅಲಂಕಾರವಲ್ಲ, ಶರೀರವೇ ಅಲಂಕಾರವಾದರೆ ಅಲಂಕೃತವಾಗತಕ್ಕುದು ಯಾವುದೆಂದು ಕೇಳಿರುವನು. ಈ ವಿವಾದಕ್ಕೆ ಪರಿಹಾರವನ್ನು ಸೂಚಿಸಿದವನು ಕಾಶ್ಮೀರದ ಮಹಿಮಭಟ್ಟ. ವಸ್ತುವಿಗೆ ಸಾಮಾನ್ಯವೆಂದೂ ವಿಶಿಷ್ಟವೆಂದೂ ಎರಡು ರೂಪಗಳುಂಟು. ಸಾಮಾನ್ಯವು ಶಬ್ದಮಾತ್ರದಿಂದ ತಿಳಿಯುವುದು, ವಿಶಿಷ್ಟವು ಪ್ರತ್ಯಕ್ಷಕ್ಕೆ ಗೋಚರವಾದುದು, ಸತ್ಕವಿಯ ಪ್ರತಿಭೆಯು ಹಿಡಿಯುವುದು ಈ ವಿಶಿಷ್ಟವನ್ನೇ ಎಂಬುದು ಅವನ ಮತ. ಈ ಮತವನ್ನೊಪ್ಪಿದರೆ ಇದ್ದುದನ್ನು ಇದ್ದಂತೆ ಕಾಣುವುದೇ ಪ್ರತಿಭೆಯ ಕೆಲಸವಾಗುವುದು. ಎಲ್ಲರ ಕಣ್ಣ ಮುಂದೆಯೂ ಹಕ್ಕಿಯಿರುವುದು. ಎಲ್ಲರೂ ಕಾಣುವುದು ಸಾಮಾನ್ಯವನ್ನು.

ಜಹಾಂಗೀರನ ಆಸ್ಥಾನದ ಚಿತ್ರಕಾರನಾದ ಉಸ್ತಾದ್ ಮನ್ಸೂರನ ಕೃತಿಗಳನ್ನು ಈ ಒರೆಗಲ್ಲಿಗೆ ಹಚ್ಚಿ ನೋಡಬಹುದು. ೧೬೦೫ರಿಂದ ೧೬೨೭ರ ವರೆಗೆ ಆಳಿದ ಜಹಾಂಗೀರನು ಅವನಿಗೆ ‘ಕಾಲದ ಅದ್ಭುತ’ವೆಂಬ ಅರ್ಥವುಳ್ಳ ಬಿರುದನ್ನಿತ್ತು, ೧೬೨೦ರಲ್ಲಿ ಕಾಶ್ಮೀರದಲ್ಲಿ ಅವನು ಬರೆದ ಹೂಗಳು ೧೦೦ಕ್ಕೆ ಮಿಕ್ಕವೆಂದು ತನ್ನ ಆತ್ಮವೃತ್ತಾಂತದಲ್ಲಿ ಹೇಳಿರುವನು. ೧೬೧೨ರಲ್ಲಿ ಮುಕರ್ರಬ್ ಖಾನನು ಗೋವೆಯಿಂದ ತಂದ ವಿಚಿತ್ರಪ್ರಾಣಿಗಳ ಪ್ರಸ್ತಾವದಲ್ಲಿ, ಬಾಬರನು ಪ್ರಾಣಿಗಳನ್ನು ಮಾತಿನಲ್ಲಿ ವರ್ಣಿಸಿದನೇ ಹೊರತು ಬರೆಯಿಸಲಿಲ್ಲ, ಕೇಳಿದುದರಿಂದಾದ ಆಶ್ಚರ್ಯವು ಕಂಡುದರಿಂದ ಹೆಚ್ಚಲೆಂದು ತಾನು ಬರೆಯಿಸಿದೆನೆಂಬ ಅಭಿಪ್ರಾಯವನ್ನು ಅವನು ಸೂಚಿಸಿರುವನು. ಮಾತಿಗೂ ಚಿತ್ರಕ್ಕೂ ಇರುವ ಅಂತರವನ್ನು ಅರಸನೊಬ್ಬನು ಇಷ್ಟು ಸ್ಪಷ್ಟವಾಗಿ ಹೇಳಿರುವುದು ಗಮನಾರ್ಹ.

ಆ ಪ್ರಾಣಿಗಳಲ್ಲಿ ಟರ್ಕಿ ಕೋಳಿಯೂ ಒಂದು. ಅದರ ತಲೆ ಕೊರಳುಗಳು ಒಮ್ಮೆ ಹವಳದಂತೆ ಕೆಂಪಾಗಿ, ಒಮ್ಮೆ ಹತ್ತಿಯಂತೆ ಬೆಳ್ಳಗಾಗಿ, ಒಮ್ಮೆ ನೀಲಿಯಾಗಿ ತೋರುವುದೆಂದು ಜಹಾಂಗೀರನು ಬರೆದಿರುವನು. ಮಾತು ಈ ಮೂರು ಬಣ್ಣಗಳನ್ನೂ ಕ್ರಮವಾಗಿ ಹೇಳಬಲ್ಲದು. ಚಿತ್ರಕ್ಕೆ ಒಂದೇ ಕ್ಷಣವು ದಕ್ಕುವುದು. ಯಾವ ಕ್ಷಣವನ್ನು ಆರಿಸಬೇಕೆಂಬಲ್ಲಿಯೇ ಅನುಕರಣವು ಮುಗಿದು ವಿವೇಚನೆಯು ಆರಂಭವಾಗುವುದು. ೧೬೨೧ರಲ್ಲಿ ಬಂದ ಜೀಬ್ರಾವನ್ನು ಕಂಡು ಅದರ ಪಟ್ಟೆಗಳನ್ನು ಯಾರೋ ಬಳಿದಿರಬೇಕೆಂದು ಕೆಲವರು ಶಂಕಿಸಿದರು. ಪರೀಕ್ಷಿಸಿದ ಮೇಲೆಯೇ ಅವು ಸಹಜವೆಂದು ನಿಶ್ಚಯವಾಯಿತು. ಮನ್ಸೂರನು ಬರೆದ ಜೀಬ್ರಾದಲ್ಲಿ ಆ ಪರೀಕ್ಷೆಯ ಫಲವೇ ಕಾಣುವುದು.

ದಂಡಿಯ ವಿಭಾಗದಂತೆ ನೋಡಿದರೆ ಮನ್ಸೂರನ ಎಲ್ಲ ಚಿತ್ರಗಳೂ ಸಮಾನವಲ್ಲ. ಕೊಲ್ಕತ್ತದ ಇಂಡಿಯನ್ ಮ್ಯೂಸಿಯಮ್ಮಿನಲ್ಲಿರುವ, ಸಾರಸದ ಕುಲಕ್ಕೆ ಸೇರಿದ, ಸೈಬೀರಿಯದ ಬಿಳಿಯ ಪಕ್ಷಿಯ ಚಿತ್ರವು ಮುಖ್ಯವಾಗಿ ಜಾತಿಚಿತ್ರ. ಯೂರೋಪಿನ ಶಾಸ್ತ್ರಜ್ಞನಾದ ಪಲ್ಲಾಸನು ೧೭೭೩ರಲ್ಲಿ ಆ ಪಕ್ಷಿಯನ್ನು ವಿವರಿಸುವುದಕ್ಕೆ ಸುಮಾರು ಒಂದೂವರೆ ಶತಮಾನ ಮೊದಲೇ ಅದು ಇಲ್ಲಿ ನಿಸ್ಸಂದೇಹವಾಗಿ ಗುರುತಿಸುವಂತೆ ಚಿತ್ರಿತವಾಗಿದ್ದಿತು. ವಿಂಡ್ಸರಿನ ಅರಮನೆಯ ಸಂಗ್ರಹದಲ್ಲಿರುವ ಗೋಸುಂಬೆಯಾದರೋ ಕ್ರಿಯಾಚಿತ್ರ. ಕೊಂಬೆಯನ್ನು ಬಿಗಿಹಿಡಿದ ಕಾಲುಗಳು, ಸುರುಳಿಗೊಂಡ ಬಾಲ, ಚುಕ್ಕಿ ಚುಕ್ಕಿಯಾಗಿ ಕೂಡಿಸಿದ ಒರಟು ಚರ್ಮ ಇವೆಲ್ಲವೂ ಚಲಿಸದೆ ಕಾದಿರುವುದೆಂಬ ಅದರ ಸ್ವಭಾವವನ್ನೇ ಹೇಳುವುವು. ಮೊದಲನೆಯದು ‘ಇದು ಯಾವುದು’ ಎಂಬ ಪ್ರಶ್ನೆಗೂ ಎರಡನೆಯದು ‘ಇದು ಹೇಗೆ ಬಾಳುವುದು’ ಎಂಬ ಪ್ರಶ್ನೆಗೂ ಉತ್ತರ. ಶಾಕುಂತಲದ ಜಿಂಕೆಗೆ ಹತ್ತಿರವಾದುದು ಎರಡನೆಯದೇ.

ಇದೇ ವಿವೇಚನೆಯು ಕಂಪೆನಿಯ ಕಾಲದ ಚಿತ್ರಗಳಿಗೂ ಸಲ್ಲುವುದು. ಕಲ್ಕತ್ತೆಯ ಮುಖ್ಯ ನ್ಯಾಯಾಧೀಶನ ಪತ್ನಿಯಾದ ಲೇಡಿ ಮೇರಿ ಇಂಪಿಯು ೧೭೭೭ರಿಂದ ೧೭೮೨ರ ವರೆಗೆ ಪಾಟ್ನಾದ ಶೇಖ್ ಜೈನುದ್ದೀನ್, ಭವಾನಿದಾಸ, ರಾಮದಾಸರಿಂದ ತನ್ನ ಸಂಗ್ರಹದ ಪ್ರಾಣಿಪಕ್ಷಿಗಳನ್ನು ಬರೆಯಿಸಿದಳು. ಆ ಚಿತ್ರಗಳು ೩೦೦ಕ್ಕೂ ಹೆಚ್ಚು. ಜೈನುದ್ದೀನನ ಹಕ್ಕಿಗಳಲ್ಲಿ ಗರಿಯ ಕ್ರಮವೂ ಕಾಲಿನ ಹುರುಪೆಯೂ ತಪ್ಪಿಲ್ಲದೆ ಬಂದಿರುವುವು. ಆದರೆ ಬಿಳಿಯ ಹಾಳೆಯ ಮೇಲೆ ಕೊಂಬೆಯೊಂದೇ ಅವಕ್ಕೆ ಲೋಕ. ಕೊಳವಿಲ್ಲ, ಬಯಲಿಲ್ಲ, ಜೊತೆಯ ಹಕ್ಕಿಯೂ ಬಹುಶಃ ಇಲ್ಲ. ಜಾತಿಯ ನಿರ್ಣಯಕ್ಕೆ ಇದು ಗುಣ. ಚೇಷ್ಟೆಯ ನಿರೂಪಣಕ್ಕೆ ಇದೇ ಕೊರತೆ. ಸಸ್ಯಶಾಸ್ತ್ರಜ್ಞರು ಬರೆಯಿಸಿದ ಹೂಗಳಲ್ಲಿ ಈ ಮಾರ್ಗವು ಇನ್ನೂ ಮುಂದುವರಿದಿರುವುದು. ಮದರಾಸು ಆಧಿಪತ್ಯದಲ್ಲಿ ರಾಬರ್ಟ್ ವೈಟನಿಗಾಗಿ ರಂಗಯ್ಯನೂ ಗೋವಿಂದುವೂ ಬರೆದರು. ವೈಟನು ಆರ್ಕಿಡ್ ಕುಲವೊಂದಕ್ಕೆ ಗೋವಿಂದುವಿನ ಹೆಸರನ್ನೇ ಇಟ್ಟನು. ೧೮೪೦ರ ದಶಕದಲ್ಲಿ ಶಿವಮೊಗ್ಗೆಯಲ್ಲಿದ್ದ ವೈದ್ಯ ಹ್ಯೂ ಕ್ಲೆಗ್‌ಹಾರ್ನನು ಅಲ್ಲಿಯ ಗಿಡಗಳನ್ನು ದೇಶೀಯ ಚಿತ್ರಕಾರನಿಂದ ಬರೆಯಿಸಿದನು. ಇಂತಹ ಚಿತ್ರವು ತೋರಿಸುವುದು ಒಂದು ಗಿಡದ ಒಂದು ಹೂವನ್ನಲ್ಲ, ಆ ಜಾತಿಯ ಲಕ್ಷಣವನ್ನು. ಆದುದರಿಂದ ಇದೂ ಸಾಮಾನ್ಯವೇ ಅಲ್ಲವೇ ಎಂದು ಯಾರಾದರೂ ಕೇಳಬಹುದು. ಸಾಮಾನ್ಯವೇ ಹೌದು. ಆದರೆ ಟೀಕಾಕಾರನ ಸಾಮಾನ್ಯವು ನೋಡದೆ ಬಂದುದು. ಇದು ಅನೇಕ ವಿಶೇಷಗಳನ್ನು ನೋಡಿ ಬಂದುದು.

ಇಷ್ಟರಿಂದ ಕವಿಸಮಯವು ಸುಳ್ಳೆಂದೂ ತ್ಯಾಜ್ಯವೆಂದೂ ಹೇಳಿದಂತಾಗದು. ಚಂದನವೃಕ್ಷಕ್ಕೆ ಹೂವೂ ಹಣ್ಣೂ ಇದ್ದರೂ ಕವಿಗಳು ಅವನ್ನು ವರ್ಣಿಸರೆಂದು ರಾಜಶೇಖರನು ಕಾವ್ಯಮೀಮಾಂಸೆಯಲ್ಲಿ ತಿಳಿಸಿರುವನು. ಇದ್ದುದನ್ನು ಹೇಳದಿರುವುದು ಕವಿಗಳ ಸಂಕೇತ. ಇದೆಯೆಂದು ಅವನಿಗೆ ತಿಳಿದಿದ್ದಿತು. ಆದರೆ ಗಂಧದ ನಾಡಿನ ವಿದ್ಯಾರ್ಥಿಯೇ ಶ್ರೀಗಂಧಕ್ಕೆ ಕೆನ್ನೇರಿಳೆಯ ಪುಟ್ಟ ಹೂವಿರುವುದೆಂದೂ, ಅದರ ಕಪ್ಪುಹಣ್ಣನ್ನು ಹಕ್ಕಿಗಳು ತಿಂದು ಬೀಜವನ್ನು ಹರಡುವುವೆಂದೂ ಅರಿಯದೆ ಹೋದರೆ, ಅವನಿಗೆ ಕವಿಸಮಯವು ಸಮಯವಾಗಿಯೇ ತೋರದು, ಅಜ್ಞಾನವಾಗಿ ಪರಿಣಮಿಸುವುದು. ಲೋಕವನ್ನು ಬಲ್ಲವನಿಗೆ ಮಾತ್ರ ಕವಿಯು ಲೋಕವನ್ನು ಎಲ್ಲಿ ದಾಟಿದನೆಂಬುದು ಕಾಣುವುದು.

ಕಡೆಯದಾಗಿ ಕ್ರೌಂಚದ ವಿಚಾರ. ಆದಿಕಾವ್ಯದ ಹುಟ್ಟಿಗೆ ಕಾರಣವಾದ ಹಕ್ಕಿಯನ್ನೂ ಪಕ್ಷಿವಿಶೇಷವೆಂದು ಬಿಟ್ಟುಬಿಡುವುದು ರೂಢಿ. ಕೆಲವರು ಅದನ್ನು ಕರ್ಲ್ಯೂ ಎಂಬ ಬಾಗುಕೊಕ್ಕಿನ ನೀರುಹಕ್ಕಿಯೆಂದರು. ೧೯೯೮ರಲ್ಲಿ ಜೂಲಿಯಾ ಲೆಸ್ಲಿ ಎಂಬ ವಿದುಷಿಯು ಅದು ಸಾರಸವೇ ಎಂದು ವಿಸ್ತಾರವಾಗಿ ವಾದಿಸಿರುವಳು. ಅಮರಕೋಶದಲ್ಲಿ ಕ್ರೌಂಚವೂ ಸಾರಸವೂ ಬೇರೆ ಬೇರೆಯಾಗಿ ಪಠಿತವಾಗಿರುವುವಲ್ಲಾ ಎಂಬ ಆಕ್ಷೇಪವು ಅಲ್ಪವಾದುದಲ್ಲ. ಆದರೆ ವಾಲ್ಮೀಕಿಯು ಆ ಗಂಡುಹಕ್ಕಿಗೆ ‘ತಾಮ್ರಶೀರ್ಷ’ವೆಂಬ ವಿಶೇಷಣವನ್ನು ಕೊಟ್ಟಿರುವನು. ಕರ್ಲ್ಯೂವಿನ ತಲೆ ಕಂದು. ಸಾರಸದ ತಲೆ ಕೆಂಪು. ಬಣ್ಣವನ್ನು ಕಲಸಲು ಕುಳಿತ ಚಿತ್ರಕಾರನು ಈ ಪದವನ್ನು ದಾಟಿ ಹೋಗಲಾರನು. ಟೀಕಾಕಾರನು ಸುಲಭವಾಗಿ ದಾಟಬಲ್ಲನು. ಸಾರಸವು ಮುಖ್ಯವಾಗಿ ಉತ್ತರಭಾರತದ ಬಯಲಿನ ಪಕ್ಷಿ. ಗಂಡು ಹೆಣ್ಣುಗಳು ಬಹುಕಾಲ ಜೋಡಿಯಾಗಿಯೇ ಬಾಳುವುವು. ಜಹಾಂಗೀರನು ಸಾಕಿದ ಸಾರಸದ ಜೋಡಿಗೆ ಲೈಲಾ ಮಜ್ನೂನ್ ಎಂಬ ಹೆಸರುಗಳಿದ್ದುವು. ಅವು ಮೊಟ್ಟೆಯಿಟ್ಟು ಕಾವು ಕೊಟ್ಟ ಬಗೆಯನ್ನು ಅವನು ನೋಡಿ ನೋಡಿ ಬರೆದಿಟ್ಟನು. ಈ ಸ್ವಭಾವವನ್ನು ತಿಳಿದ ಮೇಲೆ ಹೆಣ್ಣುಹಕ್ಕಿಯ ಕೂಗು ಕರುಣಕ್ಕೆ ಕಾರಣವಾದುದು ಹೇಗೆಂಬುದಕ್ಕೆ ಬೇರೆ ಸಮಾಧಾನವನ್ನು ಹುಡುಕಬೇಕಾಗಿಲ್ಲ.

ಚಿತ್ರದ ಆವಶ್ಯಕತೆಯು ಈಗ ಹಿಂದಿಗಿಂತ ಹೆಚ್ಚಾಗಿರುವುದು. ಮನ್ಸೂರನು ಬರೆದ ಬಿಳಿಯ ಪಕ್ಷಿಯು ಚಳಿಗಾಲದಲ್ಲಿ ಭರತಪುರಕ್ಕೆ ಬರುತ್ತಿದ್ದಿತು. ೨೦೦೨ರಲ್ಲಿ ಅಲ್ಲಿ ಕಂಡುದೇ ಕಡೆಯದು. ಅವನದೆಂದು ಹೇಳಲಾಗುವ, ಪೀಟರ್ಸ್‌ಬರ್ಗಿನಲ್ಲಿರುವ ಡೋಡೊ ಪಕ್ಷಿಯ ಚಿತ್ರವು, ೧೭ನೆಯ ಶತಮಾನದಲ್ಲಿಯೇ ಲೋಕದಿಂದ ಅಳಿದುಹೋದ ಆ ಹಕ್ಕಿಯ ವಿಷಯದಲ್ಲಿ ಪಕ್ಷಿಶಾಸ್ತ್ರಜ್ಞರು ನಂಬುವ ಕೆಲವೇ ಸಾಕ್ಷ್ಯಗಳಲ್ಲೊಂದು. ಕಾವ್ಯಗಳಲ್ಲಿ ಹೆಸರಿರುವ ಹಕ್ಕಿ ಗಿಡಗಳಿಗೂ ಇದೇ ಗತಿ ಬರಬಹುದು. ಆದುದರಿಂದ ಕೋಶಗಳನ್ನೂ ಪಠ್ಯಗಳನ್ನೂ ಸಿದ್ಧಪಡಿಸುವವರು ‘ಪಕ್ಷಿವಿಶೇಷ’ವೆಂದು ಬರೆಯುವಲ್ಲಿ ದೇಶೀಯ ನಾಮವನ್ನೂ ಒಂದು ರೇಖಾಚಿತ್ರವನ್ನೂ ಇಡುವುದು ಕರ್ತವ್ಯ, ಚಿತ್ರವನ್ನು ಬರೆಯಿಸಲು ಹೊರಟಾಗಲೇ ತಮಗೆ ತಿಳಿದುದೆಷ್ಟು, ತಿಳಿಯದುದೆಷ್ಟು ಎಂಬುದು ಅವರಿಗೆ ಗೊತ್ತಾಗುವುದು. ಉಪಾಧ್ಯಾಯರು ವಿದ್ಯಾರ್ಥಿಗಳಿಂದ ಬಾಗೆಯ ಹೂವನ್ನೂ ಗಂಧದ ಕಾಯನ್ನೂ ಬರೆಯಿಸಿ ಆಮೇಲೆ ಪದ್ಯಕ್ಕೆ ಬಂದರೆ ಕಾಲವು ಸ್ವಲ್ಪ ಹೆಚ್ಚಾಗಿ ಹಿಡಿಯುವುದು ನಿಜ. ಆದರೆ ಅರ್ಥವು ನಿಲ್ಲುವುದು.